ರಾಯರ ಚರಿತ್ರೆಗಳಲ್ಲಿ ಪಾಠ ಹೇಳುವ ರಾಯರು

ಆದವಾನಿ ಸೀಮೆಯಲ್ಲಿ 'ರಾಯರು' ಎಂದರೆ ಯಾವ ರಾಯರು ಎಂದು ಮರುಪ್ರಶ್ನೆ ಮಾಡುವವರಿಲ್ಲ. ತುಂಗಭದ್ರೆಯ ತಡಿಯ ಮಂಚಾಲೆಯೆಂಬ ಹಳ್ಳಿ ಮಂತ್ರಾಲಯವೆಂದು ನಾಡಿಗೆಲ್ಲ ಹೆಸರಾದುದು ಶ್ರೀ ರಾಘವೇಂದ್ರತೀರ್ಥರಿಂದ. ಗುರುವಾರ ಬಂತೆಂದರೆ ಆ ದಾರಿಯ ಬಸ್ಸಿನಲ್ಲಿ ಕೂಡಲು ಸ್ಥಳ ದೊರೆಯುವುದು ಕಷ್ಟ. ಅವರ ಚರಿತ್ರೆಯನ್ನು ಹೇಳುವ ಪುಸ್ತಕಗಳಿಗಂತೂ ಬರವಿಲ್ಲ. ಮಠದ ಬೀದಿಯ ಅಂಗಡಿಗಳಲ್ಲಿ ತುಳಸೀಮಣಿಯ ಸರದೊಡನೆ, ಪರಿಮಳಪ್ರಸಾದದ ಪೊಟ್ಟಣದೊಡನೆ, ನಾಲ್ಕು ಭಾಷೆಗಳ ಸಣ್ಣ ದೊಡ್ಡ ಪುಸ್ತಕಗಳು ಜೋಡಿಸಿಟ್ಟಿರುತ್ತವೆ. ಇಂಥ ಹತ್ತಾರು ಪುಸ್ತಕಗಳನ್ನು ಓದಿದ ವಾಚಕನಿಗೆ ರಾಯರು ಏನೇನು ಪವಾಡಗಳನ್ನು ಮಾಡಿದರೆಂಬುದು ಬಾಯಿಪಾಠವಾಗಿರುತ್ತದೆ. ಆದರೆ ಅವರು ಜೀವಮಾನವೆಲ್ಲ ಮಾಡಿದ ಕೆಲಸ ಯಾವುದು ಎಂದು ಕೇಳಿದರೆ ಆತ ತಡವರಿಸುತ್ತಾನೆ. ಆ ಕೆಲಸವು ಪಾಠ ಹೇಳುವುದಾಗಿತ್ತು. ಇದನ್ನು ಚರಿತ್ರೆಕಾರರು ಅಲ್ಲಗಳೆದಿಲ್ಲ. ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ನಡೆದಿದ್ದಾರೆ, ಅಷ್ಟೆ. ಆ ಒಂದು ವಾಕ್ಯದ ಬಳಿಯಲ್ಲಿ ತುಸು ಹೊತ್ತು ನಿಲ್ಲಬೇಕೆಂಬುದು ನಮ್ಮ ಅಪೇಕ್ಷೆ.

ಭಕ್ತರ ಶ್ರದ್ಧೆಯನ್ನು ಪರೀಕ್ಷಿಸುವುದಕ್ಕಾಗಿ ನಾವು ಲೇಖನಿ ಹಿಡಿದಿಲ್ಲ. ಪವಾಡ ನಡೆಯಿತೋ ಇಲ್ಲವೋ ಎಂಬ ವಾದವನ್ನೂ ಇಲ್ಲಿ ಎತ್ತುವುದಿಲ್ಲ. ಕಥೆಯು ಕಥೆಯಾಗಿ ಏನು ಹೇಳುತ್ತದೆ, ಯಾವುದನ್ನು ಮುಚ್ಚುತ್ತದೆ, ತರಗತಿಯಲ್ಲಿ ಕುಳಿತ ಮಕ್ಕಳ ಕಿವಿಗೆ ಬಿದ್ದಾಗ ಅದು ಏನಾಗುತ್ತದೆ ಎಂಬುದಷ್ಟೇ ನಮ್ಮ ವಿಚಾರ. ಚರಿತ್ರೆಯೂ ಸಾಹಿತ್ಯದ ಒಂದು ಪ್ರಕಾರವಾದ್ದರಿಂದ ಅದಕ್ಕೂ ವಿಮರ್ಶೆ ಸಲ್ಲಬೇಕು.

ಎಲ್ಲ ಚರಿತ್ರೆಗಳಿಗೂ ಮೂಲವೆನಿಸಿದ ಗ್ರಂಥ 'ರಾಘವೇಂದ್ರವಿಜಯ'. ಇದು ಸಂಸ್ಕೃತ ಮಹಾಕಾವ್ಯ. ಇದರ ಕರ್ತೃವಾದ ನಾರಾಯಣಾಚಾರ್ಯರು ರಾಯರ ಅಕ್ಕ ವೆಂಕಟಾಂಬೆಯ ಮಗನೆಂದು ಸಂಪ್ರದಾಯ. ಒಂಬತ್ತು ಸರ್ಗಗಳು ಪೂರ್ಣವಾಗಿಯೂ ಹತ್ತನೆಯದು ಅರ್ಧಕ್ಕೆ ನಿಂತೂ ನಮಗೆ ದೊರೆತಿವೆ. ಮನೆಯವನೇ ಬರೆದ ಚರಿತ್ರೆಯೆಂಬ ಕಾರಣದಿಂದ ಇದಕ್ಕೆ ವಿಶೇಷ ಬೆಲೆಯಿದೆ. ಮಹಾಕಾವ್ಯದ ಅಲಂಕಾರಗಳ ನಡುವೆಯೂ ಸೋದರಳಿಯನ ಕಣ್ಣು ಕಂಡ ಕೆಲವು ಸಂಗತಿಗಳು ಇಣುಕುತ್ತವೆ. ಅವುಗಳಲ್ಲಿ ಮುಖ್ಯವಾದುದು ಬಡತನ. ಗೃಹಸ್ಥಾಶ್ರಮದಲ್ಲಿ ವೆಂಕಟನಾಥನೆಂಬ ಹೆಸರಿನಿಂದಿದ್ದ ರಾಯರ ಮನೆಯಲ್ಲಿ ಅನ್ನವಿಲ್ಲದ ದಿನಗಳು ಬಂದುದನ್ನು, ಉಟ್ಟ ಬಟ್ಟೆ ಸವೆದುದನ್ನು ಕವಿ ಮುಚ್ಚಿಟ್ಟಿಲ್ಲ. ನಾಯಕನ ವೈಭವವನ್ನು ಹಾಡಲು ಹೊರಟ ಕಾವ್ಯವೊಂದು ನಾಯಕನ ಹಸಿವಿನ ಬಳಿ ಇಷ್ಟು ಹೊತ್ತು ನಿಲ್ಲುವುದು ಅಪರೂಪ. ನಮ್ಮ ಕನ್ನಡದ ಗದ್ಯಚರಿತ್ರೆಗಳು ಈ ಭಾಗವನ್ನು ಎರಡು ಕಣ್ಣೀರಿನ ಮಾತುಗಳಲ್ಲಿ ಮುಗಿಸಿಬಿಡುತ್ತವೆ.

ವೆಂಕಟನಾಥನು ಹುಟ್ಟಿದ್ದು ಚಿದಂಬರದ ಸಮೀಪದ ಭುವನಗಿರಿಯಲ್ಲಿ, 1595ರಲ್ಲಿ ಎಂದು ಮಠದ ಎಣಿಕೆ. ತಂದೆ ತಿಮ್ಮಣ್ಣಭಟ್ಟರು, ತಾಯಿ ಗೋಪಿಕಾಂಬೆ. ಮುತ್ತಜ್ಜ ಕೃಷ್ಣಭಟ್ಟರು ವಿಜಯನಗರದ ಕೃಷ್ಣದೇವರಾಯನಿಗೆ ವೀಣೆ ಕಲಿಸಿದವರೆಂದು ವಂಶದ ಹೇಳಿಕೆ. ಹಾಗಿದ್ದರೆ ಪಾಠ ಹೇಳುವುದು ಈ ಮನೆತನಕ್ಕೆ ಹೊಸದಲ್ಲ. ಮಧುರೆಯಲ್ಲಿ ಭಾವ ಲಕ್ಷ್ಮೀನರಸಿಂಹಾಚಾರ್ಯರ ಬಳಿ ಮೊದಲ ಅಭ್ಯಾಸ. ಮದುವೆಯಾದ ಮೇಲೆ ಕುಂಭಕೋಣದಲ್ಲಿ ಸುಧೀಂದ್ರತೀರ್ಥರ ಬಳಿ ಮೇಲಿನ ಅಭ್ಯಾಸ. ಮಕ್ಕಳಿಗೆ ಪಾಠ ಹೇಳಿಯೂ ಅದಕ್ಕಾಗಿ ಹಣ ಕೇಳಲಿಲ್ಲವೆಂದು ಎಲ್ಲ ಚರಿತ್ರೆಗಳೂ ಹೊಗಳುತ್ತವೆ. ಹೊಗಳಲಿ. ಆದರೆ ಆ ನಿಸ್ಪೃಹತೆಯ ಅರ್ಧ ಭಾರವನ್ನು ಹೊತ್ತವಳು ಹೆಂಡತಿ ಸರಸ್ವತಿಯೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಉಪಾಧ್ಯಾಯನ ಮನೆಯ ಒಲೆ ಹೇಗೆ ಉರಿಯುತ್ತದೆಂಬುದು ಉಪಾಧ್ಯಾಯನ ಹೆಂಡತಿಗೇ ಚೆನ್ನಾಗಿ ಗೊತ್ತು.

ಈ ಘಟ್ಟದಲ್ಲಿ ಬರುವ ಗಂಧದ ಕಥೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ಒಂದು ಸಮಾರಾಧನೆಗೆ ವೆಂಕಟನಾಥನು ಹೆಂಡತಿ ಮಗನೊಡನೆ ಹೋಗುತ್ತಾನೆ. ಬಡವನೆಂದು ಕಂಡ ಮನೆಯವರು ಪಂಡಿತನನ್ನು ಗಂಧ ತೇಯುವುದಕ್ಕೆ ಕೂಡಿಸುತ್ತಾರೆ. ಆತನು ಅಗ್ನಿಸೂಕ್ತವನ್ನು ಹೇಳಿಕೊಳ್ಳುತ್ತ ತೇಯ್ದ ಗಂಧವನ್ನು ಬಳಿದುಕೊಂಡವರ ಮೈ ಉರಿಯುತ್ತದೆ. ಅವರು ತಪ್ಪೊಪ್ಪಿಕೊಂಡ ಮೇಲೆ ವರುಣಸೂಕ್ತದಿಂದ ತಂಪಾಗುತ್ತದೆ. ಕಥೆಯ ಕಟ್ಟು ಸೊಗಸಾಗಿದೆ. ತಂಪಿಗೆ ಹೆಸರಾದ ವಸ್ತುವೇ ಸುಡುವುದು ಒಳ್ಳೆಯ ಕಲ್ಪನೆ. ಆದರೆ ಜನಪ್ರಿಯ ಚರಿತ್ರೆಗಳು ಇದನ್ನು ಮಂತ್ರಶಕ್ತಿಯ ಪ್ರದರ್ಶನವಾಗಿ ಹೇಳುತ್ತವೆ. ಕಥೆಯ ಮೊನೆ ಇರುವುದು ಬೇರೆಡೆ: ಕಲಿತವನನ್ನು ಅವನ ಬಟ್ಟೆ ನೋಡಿ ಕೂಡಿಸಿದ ಸ್ಥಳದಲ್ಲಿ. ಒಂದು ಸಾಲಿನಲ್ಲಿ ಆ ಮನೆಯವರ ನೋಟವನ್ನು, ಇನ್ನೊಂದು ಸಾಲಿನಲ್ಲಿ ತಲೆ ತಗ್ಗಿಸಿ ತೇಯುತ್ತಿದ್ದ ಕೈಯನ್ನು ಚಿತ್ರಿಸಿದ್ದರೆ ಉರಿಯು ತಾನಾಗಿ ಹತ್ತುತ್ತಿತ್ತು. ನಾವು ಓದಿದ ಪುಸ್ತಕಗಳಲ್ಲಿ ಆ ಎರಡು ಸಾಲುಗಳು ಕಾಣಲಿಲ್ಲ.

ನಮ್ಮ ದೃಷ್ಟಿಯಲ್ಲಿ ಇಡೀ ಚರಿತ್ರೆಯ ತಿರುಳು ಕುಂಭಕೋಣದ ಒಂದು ರಾತ್ರಿಯಲ್ಲಿದೆ. ವೆಂಕಟನಾಥನು ಸೋಮಾರಿ, ಪಾಠವನ್ನು ಚಿಂತಿಸದೆ ಮಲಗಿಬಿಡುತ್ತಾನೆ ಎಂದು ಜೊತೆಯ ವಿದ್ಯಾರ್ಥಿಗಳು ಗುರುವಿನ ಬಳಿ ದೂರುತ್ತಾರೆ. ಸುಧೀಂದ್ರರು ರಾತ್ರಿ ತಾವೇ ಎದ್ದು ಹೋಗಿ ನೋಡುತ್ತಾರೆ. ಶಿಷ್ಯನು ಒಣಗಿದ ಎಲೆಗಳನ್ನು ಉರಿಸಿದ ಬೆಳಕಿನಲ್ಲಿ ಬರೆದು ಬರೆದು, ಚಳಿಯಲ್ಲಿ ಬರಿಯ ನೆಲದ ಮೇಲೆ ನಿದ್ರೆಹೋಗಿದ್ದಾನೆ. ಬಳಿಯಲ್ಲಿ ಅವನು ಬರೆದ ಓಲೆಗಳು. ಓದಿದರೆ ಅವು ಜಯತೀರ್ಥರ 'ನ್ಯಾಯಸುಧಾ'ಗ್ರಂಥಕ್ಕೆ ಬರೆದ ಟಿಪ್ಪಣಿ. ಹಗಲು ಪಾಠದಲ್ಲಿ ಗುರುಗಳಿಗೇ ಬಗೆಹರಿಯದೆ ಉಳಿದ ಸ್ಥಳಕ್ಕೆ ಅಲ್ಲಿ ಸಮಾಧಾನವಿದೆ. ಗುರುಗಳು ಓಲೆಗಳನ್ನು ತೆಗೆದುಕೊಂಡು, ತಮ್ಮ ಶಾಲನ್ನು ಶಿಷ್ಯನಿಗೆ ಹೊದಿಸಿ ಹೋಗುತ್ತಾರೆ. ಬೆಳಗ್ಗೆ ಎದ್ದ ಶಿಷ್ಯನಿಗೆ ಓಲೆಗಳು ಕಾಣದೆ ಗಾಬರಿ. ಮೈಮೇಲೆ ಗುರುವಿನ ಶಾಲು ಕಂಡು ಇನ್ನಷ್ಟು ಗಾಬರಿ. ಆ ಟಿಪ್ಪಣಿಗೆ ಗುರುಗಳು 'ಪರಿಮಳ'ವೆಂದು ಹೆಸರಿಟ್ಟರು. ರಾಯರಿಗೆ ಪರಿಮಳಾಚಾರ್ಯರೆಂಬ ಹೆಸರು ಬಂದುದು ಹೀಗೆ.

ಈ ಕಥೆಯಲ್ಲಿ ಪವಾಡವಿಲ್ಲ, ಆಕಾಶವಾಣಿಯಿಲ್ಲ. ಇದ್ದುದು ಎಲೆಯ ಬೆಂಕಿ, ನಿದ್ರೆ, ಒಂದು ಶಾಲು, ಅಷ್ಟೆ. ಆದರೂ ಗುರುಶಿಷ್ಯರ ಸಂಬಂಧವನ್ನು ಕುರಿತು ಇದಕ್ಕಿಂತ ಹೆಚ್ಚಾಗಿ ಹೇಳುವ ಕಥೆಯನ್ನು ನಾವು ಬೇರೆ ಕಾಣೆವು. ದೂರು ಬಂದೊಡನೆ ಶಿಷ್ಯನನ್ನು ಕರೆದು ಗದರಿಸದೆ, ತಾನೇ ನಡೆದು ಹೋಗಿ ನೋಡಿದವನು ಗುರು. ತನಗೆ ತಿಳಿಯದ್ದನ್ನು ಶಿಷ್ಯನು ತಿಳಿದುಕೊಂಡಿದ್ದಾನೆಂದು ಕಂಡಾಗ ಸಣ್ಣತನ ಪಡದೆ ಅದಕ್ಕೊಂದು ಒಳ್ಳೆಯ ಹೆಸರಿಟ್ಟವನೂ ಆತನೇ. ಇಷ್ಟು ಸಿಕ್ಕಿದ ಮೇಲೆ ನಮ್ಮ ಗದ್ಯಚರಿತ್ರೆಕಾರರು ಮಾಡಿದ್ದೇನು? ದೂರು ಕೊಟ್ಟ ವಿದ್ಯಾರ್ಥಿಗಳನ್ನು ಅಸೂಯಾಪರರೆಂದು ಜರೆಯಲು ಅರ್ಧ ಪುಟ, ಗುರುವಿನ ಶಾಲಿಗೆ ಒಂದು ಸಾಲು!

ಟಿಪ್ಪಣಿ ಎಂದರೇನೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಏಕೆಂದರೆ ರಾಯರ ಬಾಳು ಇರುವುದು ಅದರಲ್ಲಿ. ಬಾದರಾಯಣರ ಸೂತ್ರಕ್ಕೆ ಮಧ್ವಾಚಾರ್ಯರ ಭಾಷ್ಯ. ಆ ಭಾಷ್ಯಕ್ಕೆ ಜಯತೀರ್ಥರ 'ತತ್ತ್ವಪ್ರಕಾಶಿಕಾ' ಎಂಬ ಟೀಕೆ. ಆ ಟೀಕೆಗೆ ರಾಯರ 'ಭಾವದೀಪ' ಎಂಬ ಟಿಪ್ಪಣಿ. ಮಧ್ವರ 'ಅನುವ್ಯಾಖ್ಯಾನ'ಕ್ಕೆ ಜಯತೀರ್ಥರ 'ನ್ಯಾಯಸುಧಾ'. ಅದಕ್ಕೆ ರಾಯರ 'ಪರಿಮಳ'. ವ್ಯಾಸತೀರ್ಥರ 'ಚಂದ್ರಿಕೆ'ಗೆ 'ಪ್ರಕಾಶ', ಅವರ 'ತರ್ಕತಾಂಡವ'ಕ್ಕೆ 'ನ್ಯಾಯದೀಪ'. ಹೀಗೆ ನಾಲ್ಕನೆಯ ಮೆಟ್ಟಿಲಲ್ಲಿ ನಿಂತವನು ಟಿಪ್ಪಣಿಕಾರ. ಆತನಿಗೆ ಹೊಸ ಮತವನ್ನು ಹೂಡುವ ಕೀರ್ತಿಯಿಲ್ಲ, ವಾದಿಯನ್ನು ಸೋಲಿಸಿದೆನೆಂಬ ಜಯಘೋಷವೂ ಇಲ್ಲ. ಓದುವವನು ಎಲ್ಲಿ ಎಡವುತ್ತಾನೆಂದು ಮೊದಲೇ ಊಹಿಸಿ, ಅಲ್ಲಿಗೆ ಬಂದು ಕೈ ಹಿಡಿಯುವುದೇ ಅವನ ಕೆಲಸ. ಇಲ್ಲಿ 'ಅದು' ಎಂದರೆ ಯಾವುದು, ಈ ಮಾತು ಯಾರ ಶಂಕೆಗೆ ಉತ್ತರ, ಹಿಂದೆ ಹೇಳಿದ್ದಕ್ಕೂ ಇದಕ್ಕೂ ವಿರೋಧವಿಲ್ಲವೇ ಎಂದು ಒಂದೊಂದನ್ನೇ ಬಿಡಿಸುತ್ತ ಹೋಗಬೇಕು. ಎದುರಿಗೆ ವಿದ್ಯಾರ್ಥಿಯನ್ನು ಕೂಡಿಸಿಕೊಳ್ಳದವನಿಂದ ಇಂಥ ಬರವಣಿಗೆ ಸಾಧ್ಯವಿಲ್ಲ. ವಿದ್ವಾಂಸರು ರಾಯರನ್ನು ಟಿಪ್ಪಣಾಚಾರ್ಯ ಚಕ್ರವರ್ತಿಗಳೆಂದು ಕರೆದರು. ಮಂತ್ರಾಲಯಕ್ಕೆ ಬರುವ ಲಕ್ಷಾಂತರ ಜನರಿಗೆ ಈ ಬಿರುದು ತಿಳಿಯದು. ಕಾಮಧೇನು, ಕಲ್ಪವೃಕ್ಷ ಎಂಬ ಹೋಲಿಕೆಗಳು ತಿಳಿದಿವೆ.

ಉಪನಿಷತ್ತುಗಳಿಗೆ ಅವರು ಬರೆದ ವ್ಯಾಖ್ಯಾನಗಳಿಗೆ 'ಖಂಡಾರ್ಥ'ವೆಂದು ಹೆಸರು. ವಾಕ್ಯವನ್ನು ಖಂಡಖಂಡವಾಗಿ ಬಿಡಿಸಿ, ಅನ್ವಯ ತೋರಿಸಿ ಅರ್ಥ ಹೇಳುವ ಕ್ರಮವದು. ಕನ್ನಡ ನಾಲ್ಕನೆಯ ತರಗತಿಯಲ್ಲಿ ಪದ್ಯಪಾಠ ಮಾಡುವ ಉಪಾಧ್ಯಾಯನಿಗೆ ಈ ಕ್ರಮದ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಭಗವದ್ಗೀತೆಗೆ 'ಗೀತಾವಿವೃತಿ', ಸೂತ್ರಗಳಿಗೆ 'ತಂತ್ರದೀಪಿಕಾ', ಪೂರ್ವಮೀಮಾಂಸೆಗೆ 'ಭಾಟ್ಟಸಂಗ್ರಹ', ಋಗ್ವೇದದ ಮಂತ್ರಗಳಿಗೆ 'ಮಂತ್ರಾರ್ಥಮಂಜರಿ' ಎಂದು ಪಟ್ಟಿ ಬೆಳೆಯುತ್ತದೆ. ಹೆಸರುಗಳನ್ನು ನೋಡಿರಿ: ದೀಪ, ದೀಪಿಕಾ, ಪ್ರಕಾಶ. ಎಲ್ಲವೂ ಬೆಳಕಿಗೆ ಸೇರಿದವು. ಎಲೆ ಉರಿಸಿ ಬರೆದವನಿಗೆ ಈ ಹೆಸರುಗಳು ಹೊಳೆದುದು ಸಹಜವೆಂದು ನಮಗನ್ನಿಸುತ್ತದೆ; ಶಾಸ್ತ್ರಗ್ರಂಥಗಳಲ್ಲಿ ಇಂಥ ಹೆಸರಿಡುವುದು ವಾಡಿಕೆಯೆಂದು ಪಂಡಿತರು ಹೇಳಿದರೆ ಅದನ್ನೂ ಒಪ್ಪುತ್ತೇವೆ. ಮುಂದಿನ ಪೀಠಾಧಿಪತಿಗಳಲ್ಲೊಬ್ಬರಾದ ವಾದೀಂದ್ರತೀರ್ಥರು ಹದಿನೆಂಟನೆಯ ಶತಮಾನದಲ್ಲಿ 'ಗುರುಗುಣಸ್ತವನ'ವನ್ನು ರಚಿಸಿದಾಗ ರಾಯರ ಈ ಗ್ರಂಥಗಳನ್ನೇ ಎತ್ತಿ ಹಾಡಿದರು. ಅವರಿಗೆ ಗುರುವಿನ ಗುಣವೆಂದರೆ ಗುರುವಿನ ಗ್ರಂಥವಾಗಿತ್ತು. ಆ ದೃಷ್ಟಿಯು ಆಮೇಲಿನ ಜನಪ್ರಿಯ ಚರಿತ್ರೆಗಳಿಗೆ ಇಳಿದು ಬರಲಿಲ್ಲ.

1621ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸವಾಯಿತೆಂದು ಮಠದ ಎಣಿಕೆ. ಸುಧೀಂದ್ರರು ತಮ್ಮ ತರುವಾಯ ಪಾಠಪ್ರವಚನವನ್ನು ನಡೆಸುವವನು ಈತನೇ ಎಂದು ಕೇಳಿದಾಗ ವೆಂಕಟನಾಥನು ಒಪ್ಪಲಿಲ್ಲ. ಎಳೆಯ ಹೆಂಡತಿ, ಉಪನಯನವಾಗದ ಮಗ ಲಕ್ಷ್ಮೀನಾರಾಯಣ. ಇವರನ್ನು ಬಿಟ್ಟು ಬರಲಾರೆನೆಂದನು. ವಿದ್ಯಾದೇವತೆಯು ಕಾಣಿಸಿಕೊಂಡು, ನೀನು ಕೈಬಿಟ್ಟರೆ ನನಗೆ ನೆಲೆಯಿಲ್ಲವೆಂದು ಹೇಳಿದ ಮೇಲೆ ಮನಸ್ಸು ತಿರುಗಿತು. ಗಮನಿಸಬೇಕಾದುದೆಂದರೆ, ಇಲ್ಲಿ ದೇವತೆಯು ಮೋಕ್ಷದ ಆಸೆಯನ್ನು ತೋರಿಸುವುದಿಲ್ಲ. ವಿದ್ಯೆ ನಿಂತುಹೋಗುವುದೆಂಬ ಭಯವನ್ನು ತೋರಿಸುತ್ತಾಳೆ. ಗಂಡನು ಸಂನ್ಯಾಸಿಯಾದನೆಂದು ತಿಳಿದ ಸರಸ್ವತಿಯು ಬಾವಿಗೆ ಬಿದ್ದು ಪ್ರಾಣಬಿಟ್ಟಳೆಂದೂ, ಪ್ರೇತರೂಪದಲ್ಲಿ ಬಂದ ಆಕೆಗೆ ರಾಯರು ಕಮಂಡಲದ ನೀರು ಪ್ರೋಕ್ಷಿಸಿ ಸದ್ಗತಿ ಕೊಟ್ಟರೆಂದೂ ಕಥೆ ಮುಂದುವರಿಯುತ್ತದೆ. ವಿದ್ಯಾದೇವತೆಯ ಹೆಸರೂ ಸರಸ್ವತಿ, ಬಾವಿಗೆ ಬಿದ್ದವಳ ಹೆಸರೂ ಸರಸ್ವತಿ. ಈ ಒಂದು ಹೆಸರಿನ ಮುಂದೆ ಯಾವ ಚರಿತ್ರೆಕಾರನಾದರೂ ಬೆಚ್ಚಿ ನಿಲ್ಲಬೇಕಾಗಿತ್ತು. ನಿಂತವರನ್ನು ನಾವು ಕಂಡಿಲ್ಲ. ಸದ್ಗತಿ ದೊರೆಯಿತೆಂಬ ಮಾತಿನಿಂದ ಪ್ರಕರಣ ಮುಗಿಯುತ್ತದೆ, ಮುಂದಿನ ಪುಟದಲ್ಲಿ ದಿಗ್ವಿಜಯ ಆರಂಭವಾಗುತ್ತದೆ.

ಇನ್ನು ನಮ್ಮ ಸೀಮೆಗೆ ಬರೋಣ. ನದಿಯ ಆಚೆ ದಡದಲ್ಲಿ, ರಾಯಚೂರು ಜಿಲ್ಲೆಗೆ ಸೇರಿದ ಬಿಚ್ಚಾಲಿಯಲ್ಲಿ, ಅಪ್ಪಣ್ಣಾಚಾರ್ಯರೆಂಬವರು ಗುರುಕುಲವನ್ನು ನಡೆಸುತ್ತಿದ್ದರು. ಅಶ್ವತ್ಥದ ಕೆಳಗಿನ ಕಟ್ಟೆಯೇ ಅವರ ಪಾಠಶಾಲೆ. ವಿದ್ಯಾರ್ಥಿಗಳು ಭಿಕ್ಷೆಯಿಂದ ತಂದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಮರಕ್ಕೆ ತೂಗುಹಾಕಿದರೆ, ಪಾಠ ಮುಗಿಯುವ ಹೊತ್ತಿಗೆ ಅದು ಮಂತ್ರಬಲದಿಂದ ಅನ್ನವಾಗಿರುತ್ತಿತ್ತಂತೆ! ಮಧ್ಯಾಹ್ನದ ಊಟದ ಲೆಕ್ಕ ಬರೆಯುವ ನಮ್ಮಂಥವರು ಈ ಕಥೆಯನ್ನು ಓದಿ ನಿಟ್ಟುಸಿರು ಬಿಟ್ಟರೆ ವಾಚಕರು ನಗಬಾರದು. ರಾಯರು ಹಲವು ವರ್ಷ ಈ ಬಿಚ್ಚಾಲಿಯಲ್ಲಿ ತಂಗಿದ್ದರೆಂದು ಹೇಳಿಕೆಯಿದೆ. ಪೀಠದ ಅಧಿಪತಿಯೊಬ್ಬನು ಹಳ್ಳಿಯ ಕಟ್ಟೆಯ ಉಪಾಧ್ಯಾಯನೊಬ್ಬನ ಮನೆಯಲ್ಲಿ ಇಷ್ಟು ಕಾಲ ಏಕೆ ನಿಂತನು, ಇಬ್ಬರೂ ಏನು ಓದಿದರು, ಹೇಗೆ ಮಾತನಾಡಿದರು ಎಂಬ ಕುತೂಹಲ ಹುಟ್ಟುವುದಿಲ್ಲವೇ? ಚರಿತ್ರೆಗಳು ಅನ್ನದ ಪವಾಡವನ್ನೂ, ವೃಂದಾವನಪ್ರವೇಶದ ದಿನ ಅಪ್ಪಣ್ಣಾಚಾರ್ಯರು ತುಂಬಿದ ಹೊಳೆ ದಾಟಿ ಓಡಿಬಂದು ಹಾಡಿದ ಸ್ತೋತ್ರದ ಕೊನೆಯ ಮಾತು ವೃಂದಾವನದೊಳಗಿನಿಂದ ಕೇಳಿಬಂದುದನ್ನೂ ಹೇಳಿ ತೃಪ್ತವಾಗುತ್ತವೆ. ನಡುವಣ ವರ್ಷಗಳು ಖಾಲಿ.

ನಮ್ಮನ್ನು ಈ ಲೇಖನಕ್ಕೆ ಪ್ರೇರಿಸಿದ ಕಥೆ ವೆಂಕಣ್ಣನದು. ತಬ್ಬಲಿಯಾದ ಹುಡುಗ, ಸೋದರಮಾವನ ಮನೆಯಲ್ಲಿ ದನ ಕಾಯುತ್ತಿದ್ದವನು, ಅಕ್ಷರ ಬಾರದವನು. ಆ ದಾರಿಯಲ್ಲಿ ಬಂದ ರಾಯರು, ಕಷ್ಟ ಬಂದಾಗ ನಮ್ಮನ್ನು ನೆನೆ ಎಂದು ಹೇಳಿ ಹೋಗುತ್ತಾರೆ. ಕೆಲವು ಕಾಲದ ಮೇಲೆ ಆದವಾನಿಯ ಅಧಿಪತಿ ಸಿದ್ದಿ ಮಸೂದ್‌ಖಾನನು ಕುದುರೆಯ ಮೇಲೆ ಬರುತ್ತಿರುವಾಗ ಒಂದು ಪತ್ರ ಬಂದು, ಇದನ್ನು ಓದು ಎಂದು ಹುಡುಗನಿಗೆ ಕೊಡುತ್ತಾನೆ. ಓದು ಬಾರದೆಂದರೆ ನಂಬುವುದಿಲ್ಲ, ಬೆದರಿಸುತ್ತಾನೆ. ಹುಡುಗನು ರಾಯರನ್ನು ನೆನೆಯುತ್ತಾನೆ, ಅಕ್ಷರಗಳು ತಿಳಿಯಾಗುತ್ತವೆ, ಪತ್ರದಲ್ಲಿ ಶುಭವಾರ್ತೆ ಇರುತ್ತದೆ. ವೆಂಕಣ್ಣನು ಆದವಾನಿಯ ದಿವಾನನಾಗುತ್ತಾನೆ.

ಓದು ಬಾರದವನ ಕೈಗೆ ಕಾಗದ ಕೊಟ್ಟು ಎದುರಿಗೆ ನಿಂತು ಬೆದರಿಸುವ ಗಳಿಗೆಯನ್ನು ಈ ಕಥೆ ನಿಜವಾಗಿ ಬಲ್ಲುದು. ಅದರಲ್ಲಿ ಅದರ ಬಲವಿದೆ. ನಮ್ಮ ಊರುಗಳಲ್ಲಿ ಕಚೇರಿಯ ಕಾಗದ ಹಿಡಿದು ನಿಂತ ಹಿರಿಯರ ಮುಖವನ್ನು ನೋಡಿದವರಿಗೆ ವೆಂಕಣ್ಣನ ಗಂಟಲು ಒಣಗಿದುದು ಅರ್ಥವಾಗುತ್ತದೆ. ಅದೂ ಗಡಿಸೀಮೆಯಲ್ಲಿ ಕಾಗದವು ಒಂದು ಭಾಷೆಯದು, ಮನೆಯ ಮಾತು ಇನ್ನೊಂದು ಭಾಷೆಯದು. ಆದರೆ ಕಥೆಯು ಹುಡುಗನನ್ನು ಆ ಸಂಕಟದಿಂದ ಪಾರುಮಾಡುವ ರೀತಿಯನ್ನು ನಾವು ಒಪ್ಪಲಾರೆವು. ಜೀವಮಾನವೆಲ್ಲ ಪದವನ್ನು ಬಿಡಿಸಿ, ಅನ್ವಯ ತೋರಿಸಿ, ಶಂಕೆಯನ್ನು ಕಳೆದು ಪಾಠ ಹೇಳಿದ ಗುರುವಿನ ಹೆಸರಿನಲ್ಲಿ, ಪಾಠವೇ ಇಲ್ಲದೆ ಅಕ್ಷರ ಬಂದ ಕಥೆಯೊಂದು ನಿಂತಿದೆ! ಆಕಾರ ಇಕಾರಗಳಿಲ್ಲ, ಸ್ಲೇಟಿಲ್ಲ, ತಪ್ಪು ಓದಿ ತಿದ್ದಿಸಿಕೊಂಡುದಿಲ್ಲ. ಎಲೆಯ ಬೆಳಕಿನಲ್ಲಿ ಬರೆದವನಿಗೆ ಇದು ಸಲ್ಲುವ ಗೌರವವೇ? ಮೂರನೆಯ ತರಗತಿಗೆ ಬಂದೂ ಒತ್ತಕ್ಷರ ಕೂಡಿಸಲಾರದ ಮಗುವಿನ ತಾಯಿ ನಮ್ಮೆದುರಿಗೆ ಬಂದು, ರಾಯರು ವೆಂಕಣ್ಣನಿಗೆ ಕೊಟ್ಟಂತೆ ಇವನಿಗೂ ಒಂದು ದಿನ ಕೊಡುತ್ತಾರೆ ಬಿಡಿರಿ ಎಂದಾಗ ಆ ತಾಯಿಯ ನಂಬಿಕೆಗೆ ಎದುರಾಡಲು ನಮಗೆ ಬಾಯಿ ಬರುವುದಿಲ್ಲ. ಆದರೆ ಆ ಮಗು ಮರುದಿನ ಶಾಲೆಗೆ ಬರುವುದಿಲ್ಲ. ಕಥೆಯೊಂದರಿಂದ ಇಂಥ ಕೆಲಸವೂ ನಡೆಯುತ್ತದೆ.

ವೆಂಕಣ್ಣನೆಂಬ ದಿವಾನನಿದ್ದುದು ಮಾತ್ರ ಬರಿಯ ಕಥೆಯಲ್ಲ. ಮಂಚಾಲೆಯ ಮಠಕ್ಕೆ ಭೂಮಿಯನ್ನು ದತ್ತಿಯಾಗಿ ಕೊಟ್ಟವನು ಸಿದ್ದಿ ಮಸೂದ್‌ಖಾನನ ದಿವಾನನಾದ ವೆಂಕಣ್ಣಪಂತನೆಂದು 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರ್ ಹೇಳುತ್ತದೆ. ಆಗ ಆದವಾನಿಯು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವಾದಾಗ ಆಲೂರು, ರಾಯದುರ್ಗಗಳೊಡನೆ ಅದೂ ಆಂಧ್ರಕ್ಕೆ ಸೇರಿತು. ದಿವಾನಗಿರಿಯೆಂದರೆ ಫಾರ್ಸಿಯ ದಫ್ತರು, ಕಂದಾಯದ ಲೆಕ್ಕ, ಪತ್ರವ್ಯವಹಾರ. ಹುಡುಗನೊಬ್ಬನು ಅಲ್ಲಿಯವರೆಗೆ ಏರಿದ್ದರೆ ಅವನಿಗೆ ಯಾರೋ ಕಲಿಸಿರಲೇಬೇಕು. ಆ ಕಲಿಸಿದವರ ಕಥೆಯನ್ನು ಪವಾಡವು ನುಂಗಿಬಿಟ್ಟಿದೆ.

ಮಸೂದ್‌ಖಾನನ ಪಾಲಿಗೆ ಬಂದ ಕಥೆಯು ಇದಕ್ಕಿಂತಲೂ ಸೂಕ್ಷ್ಮವಾದುದು. ರಾಯರನ್ನು ಪರೀಕ್ಷಿಸಲೆಂದು ಆತನು ತಟ್ಟೆಯಲ್ಲಿ ಮಾಂಸವನ್ನಿಟ್ಟು ಬಟ್ಟೆ ಮುಚ್ಚಿ ತಂದನೆಂದೂ, ರಾಯರು ನೀರು ಪ್ರೋಕ್ಷಿಸಿ ಬಟ್ಟೆ ತೆಗೆಸಿದಾಗ ಅದು ಹಣ್ಣುಹೂಗಳಾಗಿತ್ತೆಂದೂ, ನಾಚಿದ ಆತನು ಬೇಕಾದ ಹಳ್ಳಿಯನ್ನು ಕೇಳೆಂದಾಗ ರಾಯರು ಮಂಚಾಲೆಯನ್ನು ಕೇಳಿದರೆಂದೂ ಹೇಳುವುದುಂಟು. ಆ ಹಳ್ಳಿಯನ್ನು ಮೊದಲೇ ಒಬ್ಬ ಖಾಜಿಗೆ ಕೊಟ್ಟಾಗಿತ್ತೆಂದು ಕಥೆಯೇ ಹೇಳುತ್ತದೆ. ಆ ಖಾಜಿಯು ಏನಾದನೆಂದು ಕೇಳುವವರಿಲ್ಲ. ಹಳೆಯ ಹೇಳಿಕೆಯಲ್ಲಿ ಈ ಕಥೆ ಕೂಡಿ ಬಾಳಿದವರ ಕಥೆ: ಸಂಶಯದಿಂದ ಬಂದವನು ದತ್ತಿ ಕೊಟ್ಟು ಹೋಗುತ್ತಾನೆ. ಈಚಿನ ಬಾಯಿಮಾತಿನ ನಿರೂಪಣೆಗಳಲ್ಲಿ, ಕೆಲವು ನಾಟಕಗಳಲ್ಲಿ, ಅದು ಸೋಲಿಸಿದವರ ಮತ್ತು ಸೋತವರ ಕಥೆಯಾಗುತ್ತಿದೆ. ಮಸೂದ್‌ಖಾನನನ್ನು ಕೋರೆಮೀಸೆಯ ರಕ್ಕಸನನ್ನಾಗಿ ನಿಲ್ಲಿಸಿ, ಅವನ ತಲೆ ತಗ್ಗಿದಾಗ ಚಪ್ಪಾಳೆ ತಟ್ಟಿಸುವುದನ್ನು ನಾವು ನೋಡಿದ್ದೇವೆ. ನಮ್ಮ ತರಗತಿಗಳಲ್ಲಿ ಒಂದೇ ಚಾಪೆಯ ಮೇಲೆ ಕೂಡುವ ಮಕ್ಕಳಲ್ಲಿ ಕೆಲವರ ಹೆಸರು ಮಸೂದ್ ಎಂದೇ ಇರುತ್ತದೆ. ಆ ಹೊತ್ತಿನಲ್ಲಿ ಅವರು ಎಲ್ಲಿ ನೋಡುತ್ತಾರೆಂಬುದನ್ನು ನಾಟಕ ಬರೆದವರು ಒಮ್ಮೆ ಗಮನಿಸಬೇಕು.

ಚರಿತ್ರೆಯ ಮಸೂದ್‌ಖಾನನು ಈ ವೇಷಕ್ಕೆ ಹೊಂದುವವನಲ್ಲ. ಬಿಜಾಪುರದ ಆದಿಲ್‌ಶಾಹಿಯ ಕೊನೆಯ ಕಾಲದಲ್ಲಿ, 1678ರಿಂದ ಕೆಲವು ವರ್ಷ, ಬಾಲಕ ಸುಲ್ತಾನ ಸಿಕಂದರನ ಪರವಾಗಿ ರಾಜ್ಯಭಾರ ನಡೆಸಿ, ಬೇಸತ್ತು ಆದವಾನಿಗೆ ಹಿಂದಿರುಗಿದವನು ಆತ. ಆದವಾನಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನೂ ಆತನೇ. 1688ರಲ್ಲಿ ಔರಂಗಜೇಬನ ಸೈನ್ಯ ಆದವಾನಿಯನ್ನು ಮುತ್ತಿದಾಗ, ಶತ್ರುಗಳು ತೋಪುಗಳನ್ನು ಆ ಮಸೀದಿಯ ಕಡೆಗೆ ತಿರುಗಿಸಿದರೆಂದೂ, ಅದಕ್ಕೆ ಪೆಟ್ಟು ತಾಗುವುದನ್ನು ಸಹಿಸಲಾರದೆ ಆತನು ಕೋಟೆಯನ್ನು ಒಪ್ಪಿಸಿದನೆಂದೂ ಊರಿನ ಹೇಳಿಕೆ. ತಾನು ಕಟ್ಟಿಸಿದ ಗುಡಿಗಾಗಿ ರಾಜ್ಯವನ್ನು ಬಿಟ್ಟವನು ಇನ್ನೊಬ್ಬರ ಗುರುವಿಗೆ ನೆಲ ಕೊಟ್ಟುದರಲ್ಲಿ ಸೋಜಿಗವಿಲ್ಲ. ಆಳಿದವನೊಬ್ಬ ಮುಸಲ್ಮಾನ, ದಿವಾನನೊಬ್ಬ ಬ್ರಾಹ್ಮಣ, ನೆಲದ ದೇವತೆ ಮಂಚಾಲಮ್ಮ, ಗುರುವು ತಮಿಳುಸೀಮೆಯಲ್ಲಿ ಹುಟ್ಟಿದವನು: ಇಷ್ಟನ್ನು ತಟ್ಟೆಯಲ್ಲಿಟ್ಟು ಯಾವ ಬಟ್ಟೆಯನ್ನೂ ಮುಚ್ಚದೆ ತೋರಿಸಿದರೂ ಸಾಕು, ಕೇಳುವವನು ಬೆರಗಾಗುತ್ತಾನೆ.

ಸರ್ ಥಾಮಸ್ ಮನ್ರೋ 1800ರಿಂದ 1807ರವರೆಗೆ ದತ್ತಮಂಡಲದ ಕಲೆಕ್ಟರನಾಗಿದ್ದಾಗ ದತ್ತಿಯ ವಿಚಾರಣೆಗೆ ಬಂದು, ಬೂಟು ಕಳಚಿ ಒಳಗೆ ಹೋಗಿ, ಬೇರೆಯವರ ಕಣ್ಣಿಗೆ ಕಾಣದ ರಾಯರೊಡನೆ ಮಾತನಾಡಿದನೆಂಬ ಕಥೆಯನ್ನೂ ಅದೇ ಗೆಜೆಟಿಯರ್ ಉಲ್ಲೇಖಿಸಿದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಸರ್ಕಾರದ ಪುಸ್ತಕದಲ್ಲಿ ಕಥೆಯೆಂದು ಅಚ್ಚಾದುದನ್ನು ಸರ್ಕಾರವೇ ಕೊಟ್ಟ ಸಾಕ್ಷ್ಯವೆಂದು ನಮ್ಮವರು ಎತ್ತಿ ತೋರಿಸುವುದು ಮಾತ್ರ ನಗೆಯನ್ನು ತರಿಸುತ್ತದೆ.

ಈ ಕಷ್ಟ ನಮ್ಮವರಿಗೆ ಮಾತ್ರ ಬಂದುದಲ್ಲ. ಪೂರ್ವ ಯುರೋಪಿನ ಯೆಹೂದ್ಯರಲ್ಲಿ ಹದಿನೆಂಟನೆಯ ಶತಮಾನದಲ್ಲಿ ಹಸೀದರೆಂಬ ಭಕ್ತಪಂಥವೊಂದು ಹುಟ್ಟಿತು. ಅದರ ಮೂಲಪುರುಷ ಬಾಲ್ ಶೆಮ್ ತೋವ್. 1760ರಲ್ಲಿ ತೀರಿಕೊಂಡ ಆತನ ಪವಾಡಕಥೆಗಳ ಸಂಗ್ರಹವು ಅರ್ಧ ಶತಮಾನದ ಮೇಲೆ ಅಚ್ಚಾಯಿತು. ಅದರಲ್ಲಿ ಒಂದು ಕಡೆ, ಆತನು ತಾರುಣ್ಯದಲ್ಲಿ ಉಪಾಧ್ಯಾಯನ ಸಹಾಯಕನಾಗಿ, ಮಕ್ಕಳನ್ನು ಮನೆಗಳಿಂದ ಪಾಠಶಾಲೆಗೆ ಹಾಡಿಸುತ್ತ ಕರೆದೊಯ್ಯುತ್ತಿದ್ದನೆಂದಿದೆ. ಮುಂದೆ ಮಹಾಗುರುವಾದವನು ಮೊದಲು ಮಾಡಿದ ಉದ್ಯೋಗ ಅದು! ಆ ಸಂಗ್ರಹವೂ ಅದನ್ನು ಬೇಗ ದಾಟಿ, ದಾರಿಯಲ್ಲಿ ಎದುರಾದ ದುಷ್ಟಮೃಗವನ್ನು ಕೊಂದ ಸಾಹಸಕ್ಕೆ ಹೋಗುತ್ತದೆ. ಅದೇ ಪಂಥದಲ್ಲಿ ನಮ್ಮ ಕಾಲಕ್ಕೆ ಹತ್ತಿರದವನು ಕಲೋನಿಮಸ್ ಕಲ್ಮನ್ ಶಪೀರ. ವಾರ್ಸಾದಲ್ಲಿ 1923ರಲ್ಲಿ ಯೆಶಿವ ಎಂಬ ಅವರ ಧರ್ಮಪಾಠಶಾಲೆಯನ್ನು ತೆರೆದು, 1932ರಲ್ಲಿ 'ವಿದ್ಯಾರ್ಥಿಗಳ ಕರ್ತವ್ಯ'ವೆಂಬ ಅರ್ಥದ ಹೆಸರಿನ ಪುಸ್ತಕವನ್ನು ಪ್ರಕಟಿಸಿದನು. ಹುಡುಗರನ್ನು ಎದುರಿಗೆ ಕೂಡಿಸಿಕೊಂಡು ನೇರವಾಗಿ ಮಾತನಾಡಿದ ಪುಸ್ತಕವದು. ಮಗುವು ತನಗೆ ತಾನೇ ಶಿಕ್ಷಕನಾಗುವಂತೆ ಮಾಡಬೇಕೆಂಬುದು ಅದರ ಮುಖ್ಯ ಮಾತು. 1939ರಲ್ಲಿ ವಾರ್ಸಾದ ಮೇಲೆ ಬಾಂಬು ಬಿದ್ದಾಗ ಒಬ್ಬನೇ ಮಗನನ್ನು ಕಳೆದುಕೊಂಡನು. ನಾಜಿಗಳು ಗೋಡೆ ಕಟ್ಟಿ ಕೂಡಿಹಾಕಿದ ಕೇರಿಯಲ್ಲಿಯೂ 1942ರವರೆಗೆ ಪ್ರವಚನಗಳನ್ನು ನಡೆಸಿದನು, 1943ರಲ್ಲಿ ಕೊಲ್ಲಲ್ಪಟ್ಟನು. ನೆಲದಲ್ಲಿ ಹೂಳಿಟ್ಟಿದ್ದ ಅವನ ಬರಹಗಳು ಯುದ್ಧಾನಂತರ ದೊರೆತವು. ಪ್ರವಚನಗಳು 1960ರಲ್ಲಿ ಅಚ್ಚಾದವು. ಆತನ ಬಾಳನ್ನು ಬರೆಯುವವರು ಪವಾಡಗಳಿಗೆ ಕೈಚಾಚದೆ ಪಾಠದ ಪುಸ್ತಕವನ್ನೂ ಹೂಳಿಟ್ಟ ಹಾಳೆಗಳನ್ನೂ ಆಧಾರವಾಗಿ ಹಿಡಿಯುತ್ತಾರೆ. ರಾಯರ ವಿಷಯದಲ್ಲಿಯೂ ನಮಗೆ ಹಾಳೆಗಳಿವೆ. ನೆಲ ಅಗೆಯಬೇಕಾಗಿಲ್ಲ, ಅವು ಅಚ್ಚಾಗಿಯೂ ಇವೆ. ಆದರೆ ಸಂಸ್ಕೃತ ಬಲ್ಲವರು ಅವನ್ನು ಶಾಸ್ತ್ರವೆಂದು ಓದುತ್ತಾರೆ, ಚರಿತ್ರೆಯೆಂದು ಓದುವುದಿಲ್ಲ. ಕನ್ನಡದಲ್ಲಿ ಚರಿತ್ರೆ ಬರೆಯುವವರು ಅವನ್ನು ಓದಿರುವುದೇ ವಿರಳ.

ಕನ್ನಡದ ಮಾತು ಬಂತು. ರಾಯರು ಬರೆದುದು ಸಂಸ್ಕೃತದಲ್ಲಿ; 'ಧೀರ ವೇಣುಗೋಪಾಲ' ಅಂಕಿತದ ಒಂದು ಕನ್ನಡ ದೇವರನಾಮವನ್ನು ಅವರದೆನ್ನುತ್ತಾರೆ. ಅವರನ್ನು ಕನ್ನಡದಲ್ಲಿ ನೆಲೆಗೊಳಿಸಿದವರು ಮಾನ್ವಿಯ ಕಡೆಯ ದಾಸರು: ಚೀಕಲಪರವಿಯ ವಿಜಯದಾಸರು, ಅವರ ಶಿಷ್ಯ ಗೋಪಾಲದಾಸರು, ಬ್ಯಾಗವಟ್ಟಿಯ ಜಗನ್ನಾಥದಾಸರು. ಶಾಸ್ತ್ರದ ಪಾಠವನ್ನು ಒಕ್ಕಲಿಗನೂ ಹೆಂಗಸರೂ ಹಾಡಿಕೊಳ್ಳುವಂತೆ ಇಳಿಸಿ ತಂದ ಈ ದಾಸರನ್ನು ಐದನೆಯ ಮೆಟ್ಟಿಲಿನ ಟಿಪ್ಪಣಿಕಾರರೆಂದು ಕರೆದರೆ ತಪ್ಪಾಗದೆಂದು ನಮ್ಮ ಎಣಿಕೆ. ಹಳೆಯ ಚಲನಚಿತ್ರಗಳೂ ರಾಯರ ಮುಖವನ್ನು ಜನರ ಕಣ್ಣಿನಲ್ಲಿ ನಿಲ್ಲಿಸಿವೆ. 1966ರ 'ಮಂತ್ರಾಲಯ ಮಹಾತ್ಮೆ'ಯಲ್ಲಿ ರಾಜಕುಮಾರರನ್ನು ಕಂಡವರಿಗೆ ಪಟದಲ್ಲಿನ ರಾಯರಿಗಿಂತ ಆ ಮುಖವೇ ಮೊದಲು ನೆನಪಾಗುತ್ತದೆ. ತಮಿಳಿನಲ್ಲಿ 1985ರಲ್ಲಿ ರಜನೀಕಾಂತರು ಅದೇ ಪಾತ್ರವನ್ನು ಧರಿಸಿದರು. ನಟರು ದೊಡ್ಡವರು. ಆದರೆ ಟಿಪ್ಪಣಿ ಬರೆಯುವುದನ್ನು ಚಿತ್ರದಲ್ಲಿ ತೋರಿಸುವುದು ಯಾರಿಗಾದರೂ ಕಷ್ಟವೇ.

ನಮ್ಮ ಸಂಘದ ಬರೆಯಬಲ್ಲ ಸದಸ್ಯರು ಒಂದು ಪುಟ್ಟ ಪುಸ್ತಕವನ್ನು ಕೈಗೊಳ್ಳಲೆಂದು ಕೋರುತ್ತೇವೆ. ಐದನೆಯ ತರಗತಿಯ ಮಗು ತಾನೇ ಓದುವಷ್ಟು ಸರಳವಾಗಿರಲಿ. ಮೂವತ್ತು ಪುಟ ದಾಟದಿರಲಿ. ಹುಟ್ಟಿನಿಂದ ಆರಂಭಿಸದೆ ಕುಂಭಕೋಣದ ರಾತ್ರಿಯಿಂದ ಆರಂಭಿಸಲಿ. ಸರಸ್ವತಿಗೆ ಒಂದು ಅಧ್ಯಾಯ ಇರಲಿ. ಮಸೂದ್‌ಖಾನನ ಮಸೀದಿಯ ಚಿತ್ರವೂ ಮಠದ ಚಿತ್ರವೂ ಎದುರುಬದುರು ಪುಟಗಳಲ್ಲಿ ಬರಲಿ. ವೆಂಕಣ್ಣನ 'ಪತ್ರ'ವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಬಿಟ್ಟರೆ ಮಕ್ಕಳೇ ಕೇಳುತ್ತಾರೆ. ಅದನ್ನು ಹೇಳಿ, ಅದರ ಪಕ್ಕದಲ್ಲಿ ಖಂಡಾರ್ಥದ ಕ್ರಮದಲ್ಲಿ ಒಂದೇ ಒಂದು ವಾಕ್ಯವನ್ನು ಪದ ಬಿಡಿಸಿ, ಅನ್ವಯ ಹಚ್ಚಿ, ಅರ್ಥ ಬರೆದು ತೋರಿಸಲಿ. 1671ರ ಶ್ರಾವಣ ಬಹುಳ ಬಿದಿಗೆಯಂದು ಮಂಚಾಲೆಯಲ್ಲಿ ವೃಂದಾವನವನ್ನು ಪ್ರವೇಶಿಸಿದವರ ಕೈಯಲ್ಲಿ ಆ ಕೆಲಸ ಹೇಗೆ ನಡೆಯುತ್ತಿತ್ತೆಂಬುದು ಮಗುವಿಗೆ ಆ ಪುಟದಲ್ಲಿ ಕಾಣುತ್ತದೆ.